ಅಕಾಡೆಮಿ ಕೊಡುವ ಪ್ರೊಫೆಸರ್ ಪಟ್ಟ

(ಗೌರಿಬಿದನೂರಿನಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ವಿಜ್ಞಾನ ಕಾರ್ಯಕ್ರಮಗಳ ಆಹ್ವಾನ ಪತ್ರಿಕೆಗಳನ್ನು ನೀವು ನೋಡಿರುತ್ತೀರಿ. ಅತಿಥಿಯ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದೆರಡು ಸಾಲು ಇರುತ್ತದೆ. ‘ರಾಮನ್ ಪ್ರೊಫೆಸರ್’, ‘ಇನ್ಸಾ ಸೀನಿಯರ್ ಸೈಂಟಿಸ್ಟ್’, ‘ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರು’ ಅಂತ. ಯಾರೋ ದೊಡ್ಡವರಿರಬೇಕು ಅಂದುಕೊಂಡು ಪತ್ರಿಕೆ ಮಡಚಿಡುತ್ತೇವೆ. ಈ ಪಟ್ಟ ಕೊಟ್ಟವರು ಯಾರು, ಅದಕ್ಕೆ ಸಂಬಳ ಉಂಟಾ, ಎಷ್ಟು ವರ್ಷ ಇರುತ್ತದೆ, ಪಾಠ ಮಾಡಬೇಕಾ ಬೇಡವಾ, ಇದನ್ನೆಲ್ಲ ಯಾರೂ ಬಿಡಿಸಿ ಹೇಳುವುದಿಲ್ಲ. ಇವತ್ತು ಅದನ್ನೇ ಮಾತಾಡೋಣ.

ನನ್ನ ಅಭಿಪ್ರಾಯ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಇಂಥ ಪಟ್ಟಗಳಲ್ಲಿ ವಿಜ್ಞಾನಿಗೆ ಪುರುಸೊತ್ತು ಕೊಡುವಂಥವು ಇವೆ, ಮರ್ಯಾದೆ ಕೊಡುವಂಥವೂ ಇವೆ. ಮರ್ಯಾದೆ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ವಿಜ್ಞಾನ ಮುಂದೆ ಹೋಗಿರುವುದು ಪುರುಸೊತ್ತಿನಿಂದ.

ಮೊದಲು ಯಾವುದು ಏನು ಅಂತ ಬೇರೆ ಮಾಡಿಕೊಳ್ಳೋಣ. ನಿಮ್ಮ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಅನ್ನುವುದು ಒಂದು ಹುದ್ದೆ. ಅರ್ಜಿ ಕರೆಯುತ್ತಾರೆ, ಸಂದರ್ಶನ ಮಾಡುತ್ತಾರೆ, ಸಂಬಳ ಬರುತ್ತದೆ, ವಯಸ್ಸಾದ ಮೇಲೆ ನಿವೃತ್ತಿ. ಅಕಾಡೆಮಿ ಅಂದರೆ ವಿಜ್ಞಾನಿಗಳು ಸೇರಿ ಮಾಡಿಕೊಂಡ ಸಂಘ, ಅದರ ಫೆಲೊ ಅನ್ನುವುದು ಸದಸ್ಯತ್ವ. ಅದಕ್ಕೆ ಯಾರೂ ತಾವೇ ಅರ್ಜಿ ಹಾಕಿಕೊಳ್ಳುವ ಹಾಗಿಲ್ಲ. ಈಗಾಗಲೇ ಫೆಲೊ ಆಗಿರುವವರು ಹೆಸರು ಸೂಚಿಸಬೇಕು, ಆಮೇಲೆ ಆಯ್ಕೆ. ಹೆಸರಿನ ಮುಂದೆ ಎಫ್‌ಎನ್‌ಎ ಅಂತಲೋ ಎಫ್‌ಎಎಸ್‌ಸಿ ಅಂತಲೋ ಬರೆದುಕೊಳ್ಳುತ್ತಾರಲ್ಲ, ಅದು ಇದು. ಅಕಾಡೆಮಿ ಕೊಡುವ ಪ್ರೊಫೆಸರ್ ಪಟ್ಟ ಇವೆರಡರ ನಡುವೆ ಎಲ್ಲೋ ನಿಂತಿದೆ. ಒಂದು ದೇಶದಲ್ಲಿ ಅದಕ್ಕೆ ಪೂರ್ತಿ ಸಂಬಳ ಇರುತ್ತದೆ. ಇನ್ನೊಂದು ದೇಶದಲ್ಲಿ ಒಂದು ಪ್ರಮಾಣ ಪತ್ರ ಮಾತ್ರ.

ನಮ್ಮ ದೇಶದಲ್ಲಿ ವಿಜ್ಞಾನಕ್ಕೆ ಅಂತ ಮೂರು ಅಕಾಡೆಮಿಗಳಿವೆ. 1930ರಲ್ಲಿ ಮೇಘನಾದ ಸಹಾ ಅವರ ಮುಂದಾಳತ್ವದಲ್ಲಿ ಅಲಹಾಬಾದಿನಲ್ಲಿ ಒಂದು ಶುರುವಾಯಿತು. 1934ರಲ್ಲಿ ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಕಟ್ಟಿದರು. ಆಗ ಸಂಸ್ಥಾಪಕ ಫೆಲೊಗಳು 65 ಜನ. ಮುಂದಿನ ವರ್ಷ, 1935ರಲ್ಲಿ, ಕಲ್ಕತ್ತೆಯಲ್ಲಿ ಮೂರನೆಯದು ಹುಟ್ಟಿತು. ಅದೇ ಈಗ ದೆಹಲಿಯಲ್ಲಿರುವ ಇಂಡಿಯನ್ ನ್ಯಾಷನಲ್ ಸೈನ್ಸ್ ಅಕಾಡೆಮಿ, ಚಿಕ್ಕದಾಗಿ ಇನ್ಸಾ. ಐದೇ ವರ್ಷದಲ್ಲಿ ಮೂರು ಅಕಾಡೆಮಿ ಹುಟ್ಟಿದ್ದರ ಹಿಂದೆ ದೊಡ್ಡವರ ನಡುವಿನ ಜಟಾಪಟಿ ಸಾಕಷ್ಟಿದೆ. ಅದು ಬೇರೆಯೇ ಒಂದು ಉಪನ್ಯಾಸದ ಸರಕು, ಇವತ್ತು ಬೇಡ.

ಪುರುಸೊತ್ತು ಅಂದೆನಲ್ಲ. ಅದಕ್ಕೆ ಇಂಗ್ಲೆಂಡಿನ ಒಂದು ಉದಾಹರಣೆ ಕೊಡುತ್ತೇನೆ. ಆಲ್‌ಫ್ರೆಡ್ ಯಾರ್ರೋ (Yarrow) ಅಂತ ಒಬ್ಬರು ಹಡಗು ಕಟ್ಟುವ ಉದ್ಯಮಿ ಇದ್ದರು. 1923ರಲ್ಲಿ ಅವರು ಅಲ್ಲಿಯ ವಿಜ್ಞಾನ ಅಕಾಡೆಮಿಯಾದ ರಾಯಲ್ ಸೊಸೈಟಿಗೆ ಒಂದು ಲಕ್ಷ ಪೌಂಡ್ ಕೊಟ್ಟರು. ದೊಡ್ಡ ಕಟ್ಟಡ ಕಟ್ಟುವುದಕ್ಕಿಂತ ಕೆಲಸ ಮಾಡುವ ವಿಜ್ಞಾನಿಗಳ ಸಂಬಳಕ್ಕೆ, ಉಪಕರಣಕ್ಕೆ ಈ ದುಡ್ಡು ಹೋಗಲಿ ಅನ್ನುವುದು ಅವರ ಆಸೆ. ದಾನಿಗಳಿಗೆ ಇಂಥ ಬುದ್ಧಿ ಬರುವುದು ಅಪರೂಪ. ಸಾಮಾನ್ಯವಾಗಿ ಎಲ್ಲರಿಗೂ ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಆಸೆ.

ಆ ದುಡ್ಡಿನಿಂದ ‘ಯಾರ್ರೋ ರಿಸರ್ಚ್ ಪ್ರೊಫೆಸರ್’ ಅನ್ನುವ ಸ್ಥಾನಗಳು ಹುಟ್ಟಿದವು. ಅದೇ ವರ್ಷ ಅದು ಕೇಂಬ್ರಿಜ್‌ನ ಭೌತವಿಜ್ಞಾನಿ ಜಿ.ಐ. ಟೇಲರ್ ಅವರಿಗೆ ಸಿಕ್ಕಿತು. ಟೇಲರ್‌ಗೆ ಆಗ 37 ವರ್ಷ. ತರಗತಿಯಲ್ಲಿ ಪಾಠ ಮಾಡುವುದು ಅವರಿಗೆ ಇಷ್ಟವೂ ಇರಲಿಲ್ಲ, ಅದು ಅವರಿಗೆ ಅಷ್ಟಾಗಿ ಒಗ್ಗಿಯೂ ಇರಲಿಲ್ಲ. ಈ ಪಟ್ಟ ಬಂದ ಕೂಡಲೇ ಪಾಠದ ಹೊರೆ ಇಳಿಯಿತು. 1952ರವರೆಗೆ, ಅಂದರೆ 29 ವರ್ಷ, ಅವರು ತಮಗೆ ಕುತೂಹಲ ಹುಟ್ಟಿಸಿದ್ದನ್ನೆಲ್ಲ ಹುಡುಕುತ್ತಾ ಹೋದರು. ಇದನ್ನೇ ಮಾಡು, ಅದನ್ನೇ ಮಾಡು ಅಂತ ಹೇಳುವವರು ಇರಲಿಲ್ಲ.

ಅವರು ಮಾಡಿದ್ದರಲ್ಲಿ ಒಂದನ್ನು ಇಲ್ಲೇ ತೋರಿಸುತ್ತೇನೆ. ನನ್ನ ಕೈಯಲ್ಲಿರುವುದು ತಾಮ್ರದ ತಂತಿ. ನಿಮ್ಮ ಊರಿನ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಕೇಳಿ ತಂದೆ. ಬೋರ್‌ವೆಲ್ ಮೋಟರ್ ಸುಟ್ಟರೆ ಒಳಗೆ ಸುತ್ತುತ್ತಾರಲ್ಲ, ಅದೇ ತಂತಿ, ಸ್ವಲ್ಪ ದಪ್ಪದ್ದು. ಹೊಸದು, ಮೆತ್ತಗಿದೆ. ಬಗ್ಗಿಸುತ್ತೇನೆ, ಸುಲಭವಾಗಿ ಬಗ್ಗಿತು. ಈಗ ಅದೇ ಜಾಗದಲ್ಲಿ ವಾಪಸ್ ನೆಟ್ಟಗೆ ಮಾಡಲು ಹೋದರೆ ಮೊದಲಿಗಿಂತ ಜಾಸ್ತಿ ಬಲ ಬೇಕು. ಮತ್ತೆ ಬಗ್ಗಿಸಿದರೆ ಇನ್ನೂ ಬಿರುಸು. ಕೊನೆಗೆ ಪಟ್ ಅಂತ ಮುರಿಯುತ್ತದೆ. ಮುಂದಿನ ಸಾಲಿನವರು ತಗೊಳ್ಳಿ, ನೀವೇ ಮಾಡಿ ನೋಡಿ, ಹಿಂದಕ್ಕೆ ದಾಟಿಸಿ.

ಬಗ್ಗಿಸಿದಷ್ಟೂ ಲೋಹ ಯಾಕೆ ಬಿರುಸಾಗುತ್ತದೆ? ಕಮ್ಮಾರರಿಗೆ ಇದು ಸಾವಿರಾರು ವರ್ಷಗಳಿಂದ ಗೊತ್ತಿರುವ ವಿಷಯ. ಅದಕ್ಕೇ ಬಡಿದು ಬಡಿದು, ಮತ್ತೆ ಕಾಯಿಸುತ್ತಾರೆ. ಆದರೆ ಕಾರಣ ಗೊತ್ತಿರಲಿಲ್ಲ. 1934ರಲ್ಲಿ ಟೇಲರ್ ಒಂದು ವಿವರಣೆ ಕೊಟ್ಟರು. ಲೋಹದೊಳಗೆ ಪರಮಾಣುಗಳು ಸಾಲು ಸಾಲಾಗಿ ಕೂತಿರುತ್ತವೆ. ಆ ಸಾಲುಗಳಲ್ಲಿ ಅಲ್ಲಲ್ಲಿ ಒಂದು ತಪ್ಪು ಇರುತ್ತದೆ, ಒಂದು ಸಾಲು ಅರ್ಧಕ್ಕೇ ನಿಂತಿರುತ್ತದೆ. ತಂತಿ ಬಗ್ಗುವಾಗ ಇಡೀ ಪದರ ಒಟ್ಟಿಗೆ ಜಾರುವುದಿಲ್ಲ, ಈ ತಪ್ಪು ಒಂದೊಂದೇ ಹೆಜ್ಜೆ ಸರಿಯುತ್ತಾ ಹೋಗುತ್ತದೆ. ಬಗ್ಗಿಸಿದಷ್ಟೂ ಇಂಥ ತಪ್ಪುಗಳು ಹೆಚ್ಚಾಗಿ, ಒಂದು ಇನ್ನೊಂದಕ್ಕೆ ಅಡ್ಡ ಬರುತ್ತದೆ. ಆಗ ತಂತಿ ಬಿರುಸಾಗುತ್ತದೆ. ಅದೇ ವರ್ಷ ಒರೊವಾನ್, ಪೊಲಾನ್ಯಿ ಅನ್ನುವ ಇನ್ನಿಬ್ಬರು ಕೂಡ ತಮ್ಮ ಪಾಡಿಗೆ ಇದೇ ಮಾತಿಗೆ ಬಂದು ಮುಟ್ಟಿದ್ದರು. ಈ ತಪ್ಪಿಗೇ ಡಿಸ್‌ಲೊಕೇಶನ್ ಅಂತ ಹೆಸರು. ಇವತ್ತು ಲೋಹಶಾಸ್ತ್ರದ ಪುಸ್ತಕ ತೆಗೆದರೆ ಡಿಸ್‌ಲೊಕೇಶನ್ ಅನ್ನುವ ಅಧ್ಯಾಯ ಇಲ್ಲದೆ ಇರುವುದಿಲ್ಲ.

ಟೇಲರ್ ಇದೊಂದನ್ನೇ ಮಾಡಲಿಲ್ಲ. ದ್ರವಗಳ ಸುಳಿ ನೋಡಿದರು, ಗಾಳಿಯ ಹೊಯ್ದಾಟ ನೋಡಿದರು, ದೋಣಿಗೆ ಹೊಸ ಬಗೆಯ ಲಂಗರು ಕೂಡ ಮಾಡಿದರು. ಇಷ್ಟೂ ಬೇರೆ ಬೇರೆ ಕೆಲಸ ಮಾಡಲು ಒಬ್ಬ ಮನುಷ್ಯನಿಗೆ ಸಾಧ್ಯವಾಗಿದ್ದು ಅವರ ಬುದ್ಧಿಯಿಂದ, ನಿಜ. ಆದರೆ ಅದೇ ಬುದ್ಧಿಯವರನ್ನು ವಾರಕ್ಕೆ ಹದಿನಾರು ಗಂಟೆ ಪಾಠಕ್ಕೆ, ಉಳಿದ ಹೊತ್ತು ಮೌಲ್ಯಮಾಪನಕ್ಕೆ, ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್‌ನ ಫೈಲಿಗೆ ಹಚ್ಚಿದ್ದರೆ? ಇಲ್ಲಿ ಕೂತಿರುವ ಅಧ್ಯಾಪಕರಿಗೆ ಉತ್ತರ ಗೊತ್ತು.

ಈಗ ರಷ್ಯಾಕ್ಕೆ ಹೋಗೋಣ. ಅಲ್ಲಿಯ ಅಕಾಡೆಮಿ ಬಹಳ ಹಳೆಯದು, 1724ರಲ್ಲಿ ಪೀಟರ್ ದೊರೆ ಶುರು ಮಾಡಿಸಿದ್ದು. ಆಗ ಆ ದೇಶದಲ್ಲಿ ಸರಿಯಾದ ವಿಶ್ವವಿದ್ಯಾಲಯ ಇರಲಿಲ್ಲ. ಹಾಗಾಗಿ ಅಕಾಡೆಮಿಯವರೇ ಪ್ರೊಫೆಸರುಗಳು. ಹೊರದೇಶದಿಂದ ಕರೆಸಿದ ಆಯ್ಲರ್ ಅಂಥ ಗಣಿತಜ್ಞರು ಅಲ್ಲಿ ಸಂಬಳಕ್ಕೆ ಇದ್ದರು. 1745ರಲ್ಲಿ ಅಲ್ಲಿಗೆ ರಸಾಯನಶಾಸ್ತ್ರದ ಪ್ರೊಫೆಸರ್ ಆಗಿ ಬಂದವರು ಮಿಖಾಯಿಲ್ ಲೊಮೊನೊಸೊವ್.

ಇವರ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಉತ್ತರದ ಹಿಮದ ಸೀಮೆಯ ಮೀನುಗಾರನ ಮಗ. ಓದುವ ಹಟ. ಹತ್ತೊಂಬತ್ತನೇ ವಯಸ್ಸಿನಲ್ಲಿ, 1730ರ ಚಳಿಗಾಲದಲ್ಲಿ, ಮಾಸ್ಕೋಗೆ ಮೀನು ಸಾಗಿಸುತ್ತಿದ್ದ ಗಾಡಿಗಳ ಜೊತೆ ನಡೆದುಕೊಂಡು ಹೊರಟರು. ರೈತಾಪಿ ಮಕ್ಕಳಿಗೆ ಸೀಟು ಕೊಡುತ್ತಿರಲಿಲ್ಲ ಅಂತ ಹುಟ್ಟಿದ ಮನೆತನ ಮುಚ್ಚಿಟ್ಟು ಶಾಲೆಗೆ ಸೇರಿದರು. ಅಲ್ಲಿಂದ ಅಕಾಡೆಮಿಯ ಪ್ರೊಫೆಸರ್ ಆಗುವವರೆಗೆ ಹದಿನೈದು ವರ್ಷ. ಪಟ್ಟ ಬಂದ ಮರುವರ್ಷವೇ, 1746ರಲ್ಲಿ, ಅವರು ಭೌತಶಾಸ್ತ್ರದ ಬಗ್ಗೆ ಸಾರ್ವಜನಿಕ ಉಪನ್ಯಾಸ ಕೊಟ್ಟರು. ಲ್ಯಾಟಿನ್ ಬಿಟ್ಟು ರಷ್ಯನ್ನಿನಲ್ಲಿ ಮಾತಾಡಿದರು. ಭೌತಶಾಸ್ತ್ರದ ಒಂದು ಪುಸ್ತಕವನ್ನು ರಷ್ಯನ್ನಿಗೆ ತಂದರು. 1755ರಲ್ಲಿ ಮಾಸ್ಕೋದಲ್ಲಿ ವಿಶ್ವವಿದ್ಯಾಲಯ ಶುರುವಾಗಲು ಅವರ ಒತ್ತಾಸೆಯೇ ದೊಡ್ಡದು.

ಇದನ್ನು ಹೇಳುವಾಗ ನಿಮಗೆ ಯಾರು ನೆನಪಾಗುತ್ತಾರೆ? ಹೌದು, ನಿಮ್ಮ ತಾಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು. ಅವರೂ ಓದಲು ಊರಿನಿಂದ ನಡೆದುಕೊಂಡೇ ಬೆಂಗಳೂರು ಸೇರಿದವರು. ಅಮೆರಿಕದ ಓಹಾಯೊದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಮಾಡಿ ಬಂದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿ ವಿಜ್ಞಾನಿಗಳನ್ನು ಜನರ ಮುಂದೆ ತಂದು ನಿಲ್ಲಿಸಿದರು. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಕಾಲೇಜು ಕಟ್ಟಿದರು. ಹಾಸ್ಟೆಲಿನ ಒಂದು ಕೋಣೆಯಲ್ಲಿ ಬದುಕಿದರು. ಜನರಿಗೆ ಅವರು ಎಚ್ಚೆನ್ ಅಷ್ಟೇ.

ರಷ್ಯಾದ ಮಾತು ಇನ್ನೂ ಮುಗಿದಿಲ್ಲ. 2015ರಲ್ಲಿ ರಷ್ಯನ್ ಅಕಾಡೆಮಿ ‘ಅಕಾಡೆಮಿಯ ಪ್ರೊಫೆಸರ್’ ಅನ್ನುವ ಹೊಸ ಗೌರವ ಪದವಿ ಮಾಡಿತು. ವಯಸ್ಸು 50 ದಾಟಿರಬಾರದು, ಅಲ್ಲಿಯ ಉನ್ನತ ಡಾಕ್ಟರೇಟ್ ಇರಬೇಕು. ಮೊದಲ ಕಂತಿನಲ್ಲೇ ಸುಮಾರು 500 ಜನಕ್ಕೆ ಕೊಟ್ಟರು. ಇದು ಹುದ್ದೆಯೂ ಅಲ್ಲ, ಸದಸ್ಯತ್ವವೂ ಅಲ್ಲ. ಇದರ ಜೊತೆ ಪ್ರಯೋಗಾಲಯ ಬರುವುದಿಲ್ಲ. ಹಾಗಾದರೆ ಯಾಕೆ ಮಾಡಿದರು? ಅಕಾಡೆಮಿಯ ಸದಸ್ಯರಲ್ಲಿ ವಯಸ್ಸಾದವರೇ ಜಾಸ್ತಿ. ನಲವತ್ತರ ಆಸುಪಾಸಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿರುವವರಿಗೆ ಒಂದು ಗುರುತು ಬೇಕಿತ್ತು, ಅಕಾಡೆಮಿಗೂ ಹೊಸ ರಕ್ತ ಬೇಕಿತ್ತು. 2016ರ ಚುನಾವಣೆಯಲ್ಲಿ ಇವರಲ್ಲಿ ಹಲವರು ಅಕಾಡೆಮಿಯ ಸದಸ್ಯರೂ ಆದರು. ವಯಸ್ಸಿನ ಮಿತಿ ಇಟ್ಟಿದ್ದು ನನಗೆ ಹಿಡಿಸಿದ ಅಂಶ. ಆದರೆ ಒಂದೇ ಸಲ ಐನೂರು ಜನಕ್ಕೆ ಪಟ್ಟ ಕಟ್ಟಿ, ಒಬ್ಬರಿಗೂ ಒಂದು ಗಂಟೆ ಪುರುಸೊತ್ತು ಕೊಡದಿದ್ದರೆ ಅದರಿಂದ ಕೆಲಸಕ್ಕೆ ಏನು ಅನುಕೂಲ ಅನ್ನುವ ಪ್ರಶ್ನೆ ಉಳಿಯುತ್ತದೆ.

ನಮ್ಮಲ್ಲಿ ಕಥೆ ಬೇರೆ. ನಮ್ಮಲ್ಲಿ ಇಂಥ ಸ್ಥಾನಗಳು ಹೆಚ್ಚಾಗಿ ನಿವೃತ್ತಿಯ ನಂತರ ಬರುತ್ತವೆ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ 62ಕ್ಕೆ ನಿವೃತ್ತಿ, ಅನೇಕ ರಾಷ್ಟ್ರೀಯ ಪ್ರಯೋಗಾಲಯಗಳಲ್ಲಿ 60ಕ್ಕೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ಆಗುತ್ತದೆ. ಮಾರನೇ ದಿನ ಲ್ಯಾಬಿನ ಬೀಗದ ಕೈ ವಾಪಸ್ ಕೊಡಬೇಕು. ಪಿಎಚ್‌.ಡಿ. ಹುಡುಗರು ಅರ್ಧ ದಾರಿಯಲ್ಲಿರುತ್ತಾರೆ, ಪ್ರಯೋಗ ನಡೆಯುತ್ತಿರುತ್ತದೆ. ಇಂಥ ಹೊತ್ತಿನಲ್ಲಿ ಇನ್ಸಾದ ಸೀನಿಯರ್ ಸೈಂಟಿಸ್ಟ್ ಅನ್ನುವ ಸ್ಥಾನ ಆಸರೆಯಾಗುತ್ತದೆ. ಕೆಲಸ ಮುಂದುವರಿಸುವ ಫೆಲೊಗಳಿಗೆ ಅಕಾಡೆಮಿ ಒಂದಿಷ್ಟು ಗೌರವಧನ, ಖರ್ಚಿಗೆ ಒಂದಿಷ್ಟು ದುಡ್ಡು ಕೊಡುತ್ತದೆ. ಯಾವುದಾದರೂ ಸಂಸ್ಥೆ ಕೂರಲು ಜಾಗ ಕೊಡುತ್ತದೆ.

ಪ್ರೋಟೀನುಗಳ ಆಕಾರ ಓದಿದವರಿಗೆ ರಾಮಚಂದ್ರನ್ ನಕ್ಷೆ ಗೊತ್ತಿರುತ್ತದೆ, ಪ್ರೋಟೀನಿನ ಸರಪಳಿ ಹೇಗೆಲ್ಲ ತಿರುಗಬಹುದು ಅಂತ ತೋರಿಸುವ ನಕ್ಷೆ ಅದು. 1963ರಲ್ಲಿ ಮದ್ರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಕೊಟ್ಟದ್ದು. ಆಮೇಲೆ ಅವರು ಬೆಂಗಳೂರಿಗೆ, ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ನಿವೃತ್ತಿಯ ನಂತರ ಎಂಬತ್ತರ ದಶಕದಲ್ಲಿ ಅವರು ಇನ್ಸಾದ ಆಲ್ಬರ್ಟ್ ಐನ್‌ಸ್ಟೈನ್ ಪ್ರೊಫೆಸರ್ ಆಗಿದ್ದರು. ಆ ವಯಸ್ಸಿನಲ್ಲಿ ಅವರ ತಲೆಯಲ್ಲಿ ಇದ್ದದ್ದು ತರ್ಕಶಾಸ್ತ್ರವನ್ನು ಗಣಿತದ ಭಾಷೆಯಲ್ಲಿ ಬರೆಯುವ ಕೆಲಸ. ಪ್ರೋಟೀನಿಗೂ ಅದಕ್ಕೂ ಸಂಬಂಧವಿಲ್ಲ. ಯಾವ ಇಲಾಖೆ ಅದಕ್ಕೆ ಹುದ್ದೆ ಕೊಡುತ್ತಿತ್ತು ಹೇಳಿ?

ಬೆಂಗಳೂರಿನ ಅಕಾಡೆಮಿಯಲ್ಲಿ ರಾಮನ್ ಪೀಠ ಇದೆ. ಸಂಸ್ಥಾಪಕರ ನೆನಪಿಗೆ ಕೇಂದ್ರ ಸರ್ಕಾರ 1972ರಲ್ಲಿ ಸ್ಥಾಪಿಸಿದ್ದು. ಹೆಸರಾಂತ ವಿಜ್ಞಾನಿಗಳನ್ನು ಆರು ವಾರದಿಂದ ಆರು ತಿಂಗಳವರೆಗೆ ಕರೆಸುತ್ತಾರೆ. ಬಂದವರು ಇಲ್ಲಿಯವರ ಜೊತೆ ಕೂತು ಕೆಲಸ ಮಾಡುತ್ತಾರೆ, ಮಾತಾಡುತ್ತಾರೆ, ಹೋಗುತ್ತಾರೆ.

ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರು ಅನ್ನುವುದನ್ನು ಮಾತ್ರ ಅಕಾಡೆಮಿ ಕೊಡುವುದಿಲ್ಲ, ಸರ್ಕಾರ ಕೊಡುತ್ತದೆ. ಜನ ಎರಡನ್ನೂ ಕಲಸಿಬಿಡುತ್ತಾರೆ. ಅದರಲ್ಲಿ ಮೊದಲ ಹೆಸರು 1949ರಲ್ಲಿ ರಾಮನ್ ಅವರದೇ. ಸತ್ಯೇಂದ್ರನಾಥ ಬೋಸರಿಗೆ 1959ರಲ್ಲಿ ಬಂತು, ತೀರಿಕೊಳ್ಳುವವರೆಗೂ ಇತ್ತು. ನಮ್ಮ ಸಿ.ಎನ್.ಆರ್. ರಾವ್ ಅವರ ಹೆಸರಿನ ಜೊತೆ ನೀವು ಓದುವುದೂ ಇದನ್ನೇ. ಬೋಸರಿಗೆ ಡಾಕ್ಟರೇಟ್ ಇರಲಿಲ್ಲ ಅನ್ನುವುದು ಇಲ್ಲಿಯ ಹುಡುಗರಿಗೆ ಗೊತ್ತಿರಲಿ. ಢಾಕಾದಲ್ಲಿ ಅವರು ಪ್ರೊಫೆಸರ್ ಆಗುವಾಗ ಐನ್‌ಸ್ಟೈನ್ ಅವರ ಶಿಫಾರಸು ಬೇಕಾಯಿತು.

ಡಾಕ್ಟರೇಟ್ ಮಾತು ಬಂದಿದ್ದರಿಂದ ಅಣ್ಣಾ ಮಣಿ ಅವರ ವಿಷಯ ಹೇಳಲೇಬೇಕು. ನನಗೆ ಬಹಳ ಮುಖ್ಯ ಅನ್ನಿಸುವ ಹೆಸರು ಇದು. 1918ರಲ್ಲಿ ತಿರುವಾಂಕೂರಿನಲ್ಲಿ ಹುಟ್ಟಿದವರು. 1940ರಲ್ಲಿ ಬೆಂಗಳೂರಿನಲ್ಲಿ ರಾಮನ್ ಅವರ ಪ್ರಯೋಗಾಲಯ ಸೇರಿದರು. ವಜ್ರ, ಮಾಣಿಕ್ಯಗಳ ಮೇಲೆ ಬೆಳಕು ಬಿಟ್ಟು ಅದರ ವರ್ಣಪಟಲ ತೆಗೆಯುವ ಕೆಲಸ. ಒಂದು ಫೋಟೊ ಪ್ಲೇಟಿಗೆ ಹದಿನೈದು, ಇಪ್ಪತ್ತು ಗಂಟೆ ಬೆಳಕು ಬೀಳಬೇಕು. ಎಷ್ಟೋ ರಾತ್ರಿ ಅವರು ಲ್ಯಾಬಿನಲ್ಲೇ ಮಲಗುತ್ತಿದ್ದರು. ಐದು ಪ್ರಬಂಧ ಪ್ರಕಟಿಸಿದರು. ಮಹಾಪ್ರಬಂಧ ಬರೆದು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಎಂ.ಎಸ್ಸಿ. ಆಗಿಲ್ಲ ಅಂತ ಡಾಕ್ಟರೇಟ್ ಕೊಡಲಿಲ್ಲ. ಕೆಲಸ ಸರಿಯಿಲ್ಲ ಅಂತ ಯಾರೂ ಹೇಳಲಿಲ್ಲ. ಆ ಮಹಾಪ್ರಬಂಧ ಬೈಂಡ್ ಆಗಿ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ, ಡಾಕ್ಟರೇಟ್ ಸಿಕ್ಕವರ ಪ್ರಬಂಧಗಳ ಜೊತೆಯಲ್ಲೇ ಇದೆ. ಹೊರಗಿನಿಂದ ನೋಡಿದರೆ ವ್ಯತ್ಯಾಸವೇ ತಿಳಿಯುವುದಿಲ್ಲ.

ಆಮೇಲೆ ಅವರು ಲಂಡನ್ನಿಗೆ ಹೋಗಿ ಹವಾಮಾನದ ಉಪಕರಣಗಳ ಬಗ್ಗೆ ಕಲಿತರು. 1948ರಲ್ಲಿ ಹವಾಮಾನ ಇಲಾಖೆ ಸೇರಿದರು. ಮಳೆ, ಗಾಳಿ, ಬಿಸಿಲು ಅಳೆಯುವ ಉಪಕರಣಗಳನ್ನು ನಮ್ಮ ದೇಶದಲ್ಲೇ ಮಾಡುವ ಹಾಗೆ ಮಾಡಿದವರಲ್ಲಿ ಅವರು ಮೊದಲ ಸಾಲಿನವರು. 1976ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕರಾಗಿ ನಿವೃತ್ತರಾದರು. ಆಗ ರಾಮನ್ ಸಂಸ್ಥೆ ಅವರನ್ನು ಮೂರು ವರ್ಷ ಸಂದರ್ಶಕ ಪ್ರಾಧ್ಯಾಪಕರಾಗಿ ಕರೆಯಿತು. ಇದು ಅಕಾಡೆಮಿ ಕೊಟ್ಟ ಪಟ್ಟ ಅಲ್ಲ, ಸಂಸ್ಥೆ ಕೊಟ್ಟಿದ್ದು. ಆದರೂ ನನ್ನ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಭಾರತದ ಯಾವ ಊರಿನಲ್ಲಿ, ಯಾವ ತಿಂಗಳು, ಎಷ್ಟು ಬಿಸಿಲು ಬೀಳುತ್ತದೆ ಅನ್ನುವ ಅಂಕಿಗಳ ಕೈಪಿಡಿ ಅವರಿಂದ ಬಂದದ್ದು 1980ರಲ್ಲಿ, ನಿವೃತ್ತಿಯ ನಂತರ. ಇಲ್ಲಿಂದ ಮಧುಗಿರಿ ದಾಟಿ ಪಾವಗಡಕ್ಕೆ ಹೋಗಿ ನೋಡಿ. ಹದಿಮೂರು ಸಾವಿರ ಎಕರೆಯಲ್ಲಿ ಸೋಲಾರ್ ಹಲಗೆಗಳು, 2050 ಮೆಗಾವಾಟ್. ಇಂಥದ್ದನ್ನು ಎಲ್ಲಿ ಕಟ್ಟಬೇಕು ಅನ್ನುವ ಲೆಕ್ಕ ಶುರುವಾಗುವುದೇ ಬಿಸಿಲಿನ ಅಳತೆಯಿಂದ. ಆ ಅಳತೆಯ ಕೆಲಸಕ್ಕೆ ನಮ್ಮ ದೇಶದಲ್ಲಿ ತಳಪಾಯ ಹಾಕಿದವರಲ್ಲಿ ಒಬ್ಬರು ಪಿಎಚ್‌.ಡಿ. ಸಿಗದ ಈ ಹೆಣ್ಣುಮಗಳು.

ಇನ್ನೊಬ್ಬರನ್ನು ಬೇಗ ಹೇಳಿ ಮುಗಿಸುತ್ತೇನೆ. ಗೌರಿಬಿದನೂರಿನ ಹೊರಗೆ ಬಯಲಿನಲ್ಲಿ ಕಂಬಗಳು, ತಂತಿಗಳು ಸಾಲಾಗಿ ನಿಂತಿರುವುದನ್ನು ನೀವೆಲ್ಲ ಕಂಡಿದ್ದೀರಿ. ರಾಮನ್ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಅಲ್ಲಿ 1976ರಿಂದ ರೇಡಿಯೊ ದೂರದರ್ಶಕ ನಡೆಸಿದವು. ಟಿ ಅಕ್ಷರದ ಆಕಾರ, ಸಾವಿರ ಆಂಟೆನಾ. ಆ ಕಾಲದಲ್ಲಿ ರಾಮನ್ ಸಂಸ್ಥೆಯ ನಿರ್ದೇಶಕರಾಗಿದ್ದವರು ರಾಮನ್ ಅವರ ಮಗ ವಿ. ರಾಧಾಕೃಷ್ಣನ್. ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ. ಆನರ್ಸ್ ಮಾತ್ರ. ಪಿಎಚ್‌.ಡಿ. ಮಾಡಲೇ ಇಲ್ಲ. ಆದರೂ ಸ್ವೀಡನ್ನಿನ ಅಕಾಡೆಮಿ, ಅಮೆರಿಕದ ಅಕಾಡೆಮಿ ಎರಡೂ ಅವರನ್ನು ವಿದೇಶಿ ಸದಸ್ಯರಾಗಿ ಆರಿಸಿದವು.

ಇಷ್ಟೆಲ್ಲ ಕೇಳಿದ ಮೇಲೆ ನಮ್ಮ ಅಕಾಡೆಮಿಗಳ ಬಗ್ಗೆ ನನಗಿರುವ ದೂರನ್ನೂ ಹೇಳಬೇಕು. ಅರವತ್ತಾದವರಿಗೆ ಪುರುಸೊತ್ತು ಕೊಡುವುದು ಸರಿ. ಮೂವತ್ತೇಳರ ಟೇಲರ್‌ಗೆ ಕೊಟ್ಟ ಹಾಗೆ ಮೂವತ್ತೇಳರವರಿಗೆ ಕೊಡುವುದು ಯಾವಾಗ? ರಾಜ್ಯದ ವಿಶ್ವವಿದ್ಯಾಲಯದಲ್ಲಿ, ಜಿಲ್ಲೆಯ ಕಾಲೇಜಿನಲ್ಲಿ ಇರುವ ಒಳ್ಳೆಯ ತಲೆಗಳಿಗೆ ಐದು ವರ್ಷ ಪಾಠದ ಹೊರೆ ಇಳಿಸಿ, ಸಂಬಳ ಕೊಟ್ಟು, ಹೋಗಿ ಕೆಲಸ ಮಾಡಿ ಅನ್ನುವ ಪೀಠ ಬೇಕು. ಇನ್ನೊಂದು ದೂರು, ಫೆಲೊಗಳನ್ನು ಫೆಲೊಗಳೇ ಸೂಚಿಸಬೇಕು ಅನ್ನುವ ಪದ್ಧತಿಯಲ್ಲಿ ದೊಡ್ಡ ಸಂಸ್ಥೆಯವರ ಕಣ್ಣಿಗೆ ದೊಡ್ಡ ಸಂಸ್ಥೆಯವರೇ ಬೀಳುತ್ತಾರೆ. ಚಿಕ್ಕ ಊರಿನಲ್ಲಿ ಕೂತು ಮಾಡಿದ ಕೆಲಸ ಅವರಿಗೆ ಕಾಣುವುದು ಕಷ್ಟ. ಅಕಾಡೆಮಿಯವರು ತಾವಾಗಿಯೇ ಹುಡುಕಿಕೊಂಡು ಬರಬೇಕು.

ಪಟ್ಟ ಹೊತ್ತವರಿಗೂ ಒಂದು ಮಾತು. ನಿಮ್ಮ ಹೆಸರಿನ ತೂಕದ ಮೇಲೆ ಜನ ನಿಮ್ಮನ್ನು ಎಲ್ಲದಕ್ಕೂ ಅಭಿಪ್ರಾಯ ಕೇಳುತ್ತಾರೆ. ನೀವು ಓದದ ವಿಷಯದಲ್ಲಿ ದಯವಿಟ್ಟು ಸುಮ್ನೆ ಇರಿ. ನೀವು ಓದಿದ ವಿಷಯವನ್ನು ಮಾತ್ರ ತಾಲೂಕಿನ ಕಾಲೇಜಿಗೆ ಬಂದು ಕನ್ನಡದಲ್ಲಿ ಹೇಳಿ.

ಇದಕ್ಕೆ ದಾರಿ ಈಗಾಗಲೇ ಇದೆ. ಮೂರೂ ಅಕಾಡೆಮಿಗಳು ಸೇರಿ ಕಾಲೇಜುಗಳಲ್ಲಿ ಎರಡು ಮೂರು ದಿನದ ಉಪನ್ಯಾಸ ಕಾರ್ಯಾಗಾರ ನಡೆಸುತ್ತವೆ, ಅಧ್ಯಾಪಕರಿಗೆ ಎರಡು ವಾರದ ಪುನಶ್ಚೇತನ ಶಿಬಿರ ನಡೆಸುತ್ತವೆ. ಕಾಲೇಜಿನವರು ಕೇಳಿ ಬರೆಯಬೇಕು, ಅಷ್ಟೇ. ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಬೇಸಿಗೆ ಸಂಶೋಧನಾ ಫೆಲೊಶಿಪ್ ಇದೆ. ಎರಡು ತಿಂಗಳು ಒಬ್ಬ ಫೆಲೊ ಜೊತೆ ಅವರ ಪ್ರಯೋಗಾಲಯದಲ್ಲಿ ಕೆಲಸ. ಖರ್ಚಿಗೆ ದುಡ್ಡು ಕೊಡುತ್ತಾರೆ, ರೈಲು ಚಾರ್ಜು ಕೊಡುತ್ತಾರೆ. ಚಳಿಗಾಲದ ಹೊತ್ತಿಗೆ ಆನ್‌ಲೈನ್‌ನಲ್ಲಿ ಅರ್ಜಿ ಕರೆಯುತ್ತಾರೆ.

ಉಪನ್ಯಾಸ ಮುಗಿದ ಮೇಲೆ ಒಬ್ಬಳು ವಿದ್ಯಾರ್ಥಿನಿ ಕೇಳಿದಳು, ‘ಸರ್, ಪಿಯುಸಿವರೆಗೂ ಕನ್ನಡ ಮೀಡಿಯಂ, ನಾವು ಹಾಕಬಹುದಾ?’ ಖಂಡಿತ ಹಾಕಮ್ಮ. ಅರ್ಜಿಯಲ್ಲಿ ಯಾಕೆ ಬರಬೇಕು ಅಂತ ಒಂದು ಸಣ್ಣ ಬರಹ ಕೇಳುತ್ತಾರೆ. ಅಲ್ಲಿ ಬಾಲ್ಯದಿಂದಲೂ ವಿಜ್ಞಾನ ಇಷ್ಟ ಅಂತ ಬರೆಯಬೇಡ, ಎಲ್ಲರೂ ಅದನ್ನೇ ಬರೆದಿರುತ್ತಾರೆ. ನೀನು ಕೈಯಾರೆ ಮಾಡಿದ ಒಂದು ಪ್ರಯೋಗ, ಅದರಲ್ಲಿ ಅರ್ಥವಾಗದೆ ಉಳಿದ ಒಂದು ಪ್ರಶ್ನೆ, ಎರಡನ್ನೇ ಬರಿ. ಮೊದಲು ಕನ್ನಡದಲ್ಲೇ ಬರೆದುಕೋ. ಆಮೇಲೆ ನಿನ್ನ ಮೇಷ್ಟ್ರ ಹತ್ತಿರ ಕೂತು ಇಂಗ್ಲಿಷಿಗೆ ತಗೊಂಡು ಹೋಗು. ಅವರ ಶಿಫಾರಸು ಪತ್ರವೂ ಬೇಕಾಗುತ್ತದೆ, ಹಾಗಾಗಿ ಕೊನೇ ದಿನದವರೆಗೆ ಕಾಯದೆ ಮುಂಚೆಯೇ ಕೇಳಿಟ್ಟುಕೋ.